ಹಗುರ ಬೀಡಿನ ಕಾವಲಿ: ಆರಿಸುವುದರಿಂದ ಅಡುಗೆಯವರೆಗೆ

‘ಭಾರದ ಕಾವಲಿ ಎತ್ತೋಕಾಗಲ್ಲ, ಹಗುರದ್ದು ತಗೊಂಡರೆ ನೀರುದೋಸೆ ಏಳುತ್ತಾ?’ ಮಲೆನಾಡಿನ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಮಣಿಕಟ್ಟು ನೋವಿನವರು ಕೇಳುತ್ತಾರೆ, ವಯಸ್ಸಾದವರು ಕೇಳುತ್ತಾರೆ, ನಾನ್‌ಸ್ಟಿಕ್ ಬಿಟ್ಟು ಕಬ್ಬಿಣಕ್ಕೆ ಬರಬೇಕೆನ್ನುವ ಹೊಸ ಸಂಸಾರದವರೂ ಕೇಳುತ್ತಾರೆ. ಏಳುತ್ತದೆ, ಚೆನ್ನಾಗಿಯೇ ಏಳುತ್ತದೆ. ಆದರೆ ಭಾರದ ಕಾವಲಿಯನ್ನು ಬಳಸಿದ ಹಾಗೆ ಹಗುರದ್ದನ್ನು ಬಳಸಬಾರದು. ಅದಕ್ಕೆ ಸಣ್ಣ ಉರಿ ಬೇಕು. ಒಂದು ದೋಸೆಗೂ ಇನ್ನೊಂದಕ್ಕೂ ನಡುವೆ ಸ್ವಲ್ಪ ಬಿಡುವು ಬೇಕು. ಇಷ್ಟು ಗೊತ್ತಿಲ್ಲದೆ ಬಳಸಿ, ‘ಹಗುರದ್ದು ಪ್ರಯೋಜನ ಇಲ್ಲ’ ಅಂತ ಮೂಲೆಗೆ ಹಾಕಿದವರು ತುಂಬಾ ಜನ ಇದ್ದಾರೆ.

ಇಲ್ಲಿ ಹೇಳುತ್ತಿರುವುದು ಕಾಸ್ಟ್ ಐರನ್ ಸ್ಕಿಲ್ಲೆಟ್ ಅಂತ ಮಾರುವ ಪಾತ್ರೆಯ ಬಗ್ಗೆ. ಅಂದರೆ ಸುತ್ತ ಎರಡು ಇಂಚಿನಷ್ಟು ಅಂಚು, ಒಂದು ಕಡೆ ಉದ್ದ ಹಿಡಿ ಇರುವ ಬೀಡಿನ ಕಾವಲಿ. ಬೀಡು ಅಂದರೆ ಕರಗಿಸಿ ಅಚ್ಚಿಗೆ ಹೊಯ್ದ ಕಬ್ಬಿಣ. ನಮ್ಮ ಶಿವಮೊಗ್ಗ ಜಿಲ್ಲೆಗೆ ಇದು ಹೊಸದೇನಲ್ಲ. 1918ರಲ್ಲಿ ಶುರುವಾಗಿ 1923ರಲ್ಲಿ ಉತ್ಪಾದನೆಗೆ ಇಳಿದ ಭದ್ರಾವತಿ ಕಾರ್ಖಾನೆ, ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡ ಕಾಡಿನ ಇದ್ದಿಲಿನಲ್ಲಿ ಕರಗಿಸಿ ಬೀಡು ತೆಗೆಯುತ್ತಿತ್ತು. ಬೀಡಿನಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲ ಸೇರಿರುತ್ತದೆ. ಅದರಿಂದಲೇ ಅದು ಗಟ್ಟಿ, ಅದರಿಂದಲೇ ಪೆಡಸು ಕೂಡ. ತಗಡು ಬಿದ್ದರೆ ಬಗ್ಗುತ್ತದೆ, ಬೀಡು ಬಿದ್ದರೆ ಒಡೆಯುತ್ತದೆ. ಹಗುರ ಕಾವಲಿ ತೆಳು ಆಗಿರುವುದರಿಂದ ಈ ಮಾತು ಅದಕ್ಕೆ ಇನ್ನೂ ಜಾಸ್ತಿ ಅನ್ವಯಿಸುತ್ತದೆ.

ಬೇಕಾಗುವ ಸಾಮಾನು: ಕಾವಲಿ, ಹಳೆಯ ಹತ್ತಿ ಬಟ್ಟೆಯ ನಾಲ್ಕೈದು ತುಂಡು, ಸೂರ್ಯಕಾಂತಿ ಅಥವಾ ರೈಸ್ ಬ್ರಾನ್ ಎಣ್ಣೆ, ತೆಂಗಿನ ನಾರು, ಕಲ್ಲುಪ್ಪು, ಚಪ್ಪಟೆ ಸಟ್ಟುಗ, ಸರಿಯಾಗಿ ಕೂರುವ ಒಂದು ಮುಚ್ಚಳ.

1. ತೂಕ ನೋಡಿ ಆರಿಸಿ

‘ಹಗುರ’ ಅಂತ ಚೀಟಿ ಅಂಟಿಸಿದ್ದೆಲ್ಲ ಹಗುರ ಅಲ್ಲ. ಪಾತ್ರೆ ಅಂಗಡಿಯಲ್ಲಿ ಹೇಗೂ ತಕ್ಕಡಿ ಇರುತ್ತದೆ, ತೂಗಿಸಿ ನೋಡಿ. ಬಾಯಿಯ ಅಗಲ 26 ಸೆಂಟಿಮೀಟರ್ ಇರುವ ಕಾವಲಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಮೂರ್ನಾಲ್ಕು ಜನರ ಮನೆಗೆ ಈ ಅಳತೆ ಸರಿ. ಲೋಹದ ದಪ್ಪ 4 ಮಿಲಿಮೀಟರ್ ಇದ್ದರೆ ಹಿಡಿಯೂ ಸೇರಿ ತೂಕ ಎರಡೂಕಾಲು ಕೆಜಿ ದಾಟುತ್ತದೆ. 3 ಮಿಲಿಮೀಟರ್ ಇದ್ದರೆ ಸುಮಾರು 1.8 ಕೆಜಿ. 2 ಮಿಲಿಮೀಟರ್ ಇದ್ದರೆ 1.3 ಕೆಜಿಯ ಆಸುಪಾಸು.

ನನ್ನ ಸಲಹೆ ಕೇಳಿದರೆ 1.5ರಿಂದ 1.8 ಕೆಜಿಯ ನಡುವಿನದ್ದು ತಗೊಳ್ಳಿ. ಒಂದು ಕೈಯಲ್ಲಿ ಎತ್ತಬಹುದು, ದೋಸೆ ಹೊಯ್ದ ಕೂಡಲೇ ತಣ್ಣಗಾಗುವಷ್ಟು ತೆಳುವೂ ಅಲ್ಲ. ಮಣಿಕಟ್ಟು ತೀರಾ ನೋಯುವವರು ಮಾತ್ರ 1.3 ಕೆಜಿಯದ್ದಕ್ಕೆ ಹೋಗಿ. ಒಬ್ಬರೋ ಇಬ್ಬರೋ ಇರುವ ಮನೆಗೆ 20 ಸೆಂಟಿಮೀಟರಿನದ್ದು ಸಾಕು. ಅದು ಮಾಮೂಲಿ ದಪ್ಪದ್ದಾದರೂ ಕೈಗೆ ಭಾರ ಅನ್ನಿಸುವುದಿಲ್ಲ.

ಅಂಗಡಿಯಲ್ಲೇ ಖಾಲಿ ಕಾವಲಿಯನ್ನು ಹಿಡಿಯಿಂದ ಎತ್ತಿ, ಪಲ್ಯ ಬಗ್ಗಿಸುವ ಹಾಗೆ ಒಮ್ಮೆ ಓರೆ ಮಾಡಿ ನೋಡಿ. ಹಿಡಿ ಗಿಡ್ಡ ಇದ್ದರೆ ಹಗುರ ಕಾವಲಿಯೂ ಭಾರ ಅನ್ನಿಸುತ್ತದೆ. ಎದುರು ಬದಿಯಲ್ಲಿ ಇನ್ನೊಂದು ಸಣ್ಣ ಕಿವಿ ಇದ್ದರೆ ಬಹಳ ಒಳ್ಳೆಯದು. ಮರದ ಹಿಡಿಯದ್ದು ಕೈಗೆ ಹಿತ, ಆದರೆ ಸೌದೆ ಒಲೆಗೂ ಓವನ್ನಿಗೂ ಆಗುವುದಿಲ್ಲ.

2. ಬೀಡೋ ತಗಡೋ, ಸರಿ ಇದೆಯೋ ನೋಡಿ

ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿ ಇರಲಿ, ಸಾಗರದ ಮಾರಿಕಾಂಬಾ ಜಾತ್ರೆ ಇರಲಿ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಇರಲಿ, ಕೊಳ್ಳುವಾಗ ಇಷ್ಟು ನೋಡಿ.

ಹಿಡಿಯನ್ನು ರಿವೆಟ್ ಹೊಡೆದೋ ಬೆಸುಗೆ ಹಾಕಿಯೋ ಕೂರಿಸಿದ್ದರೆ ಅದು ಹೆಚ್ಚಾಗಿ ಕಬ್ಬಿಣದ ತಗಡನ್ನು ಒತ್ತಿ ಮಾಡಿದ್ದು. ಬೀಡಿನದ್ದರಲ್ಲಿ ಸಾಮಾನ್ಯವಾಗಿ ಹಿಡಿಯೂ ಕಾವಲಿಯೂ ಒಂದೇ ಎರಕ. ತಳದಲ್ಲಿ ಉಬ್ಬಿದ ಅಕ್ಷರವೋ ಸಂಖ್ಯೆಯೋ ಇರುತ್ತದೆ, ಮೈ ಸ್ವಲ್ಪ ಮರಳು ಮರಳಾಗಿರುತ್ತದೆ. ತಗಡಿನ ಕಾವಲಿಯೂ ಒಳ್ಳೆಯದೇ, ಅದನ್ನೂ ಮುಂದೆ ಹೇಳುವ ಹಾಗೆಯೇ ಎಣ್ಣೆ ಸವರಿ ಕಾಯಿಸಿ ಪಳಗಿಸಬಹುದು. ಆದರೆ ಬೀಡು ಅಂತ ಹೇಳಿ ಬೀಡಿನ ಬೆಲೆ ತೆಗೆದುಕೊಂಡರೆ ಮೋಸ ಅಲ್ವಾ?

ತಳವನ್ನು ಗಾಜಿನ ಕೌಂಟರ್ ಮೇಲಿಟ್ಟು ಅಂಚನ್ನು ಒಂದೊಂದು ಕಡೆಯಿಂದ ಒತ್ತಿ. ಕುಂಟಿದರೆ ಬೇಡ. ಗ್ಯಾಸಿನ ಮೇಲೆ ಹೇಗೋ ನಡೆಯುತ್ತದೆ, ಇಂಡಕ್ಷನ್ ಒಲೆಯ ಮೇಲೆ ನಡೆಯುವುದಿಲ್ಲ.

ಹಿಡಿಯಿಂದ ತೂಗಿಸಿ ಹಿಡಿದು ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿಯಿರಿ. ಸರಿ ಇರುವುದು ‘ಟಣ್’ ಎನ್ನುತ್ತದೆ. ಕಣ್ಣಿಗೆ ಕಾಣದ ಸೀಳು ಇದ್ದರೆ ಸದ್ದು ಒಡೆದು ಬರುತ್ತದೆ. ಪಕ್ಕದ ಇನ್ನೊಂದು ಕಾವಲಿಯನ್ನೂ ಬಡಿದರೆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ.

ಒಳಮೈ ನುಣುಪಾಗಿದ್ದಷ್ಟೂ ಒಳ್ಳೆಯದು ಅಂತ ತಿಳಿಯಬೇಡಿ. ತೀರಾ ನುಣುಪು ಮಾಡಿದ ಮೈಗೆ ಮೊದಮೊದಲು ಎಣ್ಣೆಯ ಪದರ ಹಿಡಿಯುವುದು ನಿಧಾನ. ಮರಳು ಮೈಗೆ ಎಣ್ಣೆ ಬೇಗ ಹಿಡಿಯುತ್ತದೆ, ಆದರೆ ಮೊದಲ ವಾರಗಳಲ್ಲಿ ದೋಸೆ ಕಚ್ಚಿಕೊಳ್ಳುತ್ತದೆ. ಎರಡೂ ಕೊನೆಗೆ ಒಂದೇ ಹದಕ್ಕೆ ಬರುತ್ತವೆ. ಕಪ್ಪು ಬಣ್ಣ ಬಳಿದು ಹೊಳಪು ಕೊಟ್ಟ ಹಾಗೆ ಕಂಡರೆ ಮಾತ್ರ ಅದನ್ನು ಬಿಟ್ಟು ಮುಂದೆ ಹೋಗಿ.

3. ಮೊದಲ ತೊಳೆತ

ಹೊಸ ಕಾವಲಿಗೆ ತುಕ್ಕು ಹಿಡಿಯದಿರಲಿ ಅಂತ ಮೇಣವನ್ನೋ ಯಂತ್ರದ ಎಣ್ಣೆಯನ್ನೋ ಸವರಿರುತ್ತಾರೆ. ಬಿಸಿನೀರು, ಪಾತ್ರೆ ಸೋಪು, ತೆಂಗಿನ ನಾರು ಹಾಕಿ ಎರಡು ಸಲ ಚೆನ್ನಾಗಿ ಉಜ್ಜಿ ತೊಳೆಯಿರಿ. ‘ಪ್ರಿ-ಸೀಸನ್ಡ್’ ಅಂತ ಬರೆದಿದ್ದರೆ, ಅಂದರೆ ಕಾರ್ಖಾನೆಯಲ್ಲೇ ಪಳಗಿಸಿದ್ದರೆ, ಬರೀ ಬಿಸಿನೀರಲ್ಲಿ ತೊಳೆದರೆ ಸಾಕು.

ಅಕ್ಕಿ ತೊಳೆದ ನೀರನ್ನೋ ಗಂಜಿಯನ್ನೋ ತುಂಬಿ ಎರಡು ದಿನ ಇಡುವ ಪದ್ಧತಿ ಹಲವು ಮನೆಗಳಲ್ಲಿದೆ. ಹುಳಿ ಬಂದ ನೀರು ಸಣ್ಣಪುಟ್ಟ ತುಕ್ಕನ್ನು ಸಡಿಲ ಮಾಡುತ್ತದೆ, ನಿಜ. ಆದರೆ ಪಳಗಿಸುವುದು ಅಂದರೆ ಅದಲ್ಲ. ಹೆಚ್ಚು ಹೊತ್ತು ಇಟ್ಟರೆ ಅದೇ ಹೊಸ ತುಕ್ಕಿಗೆ ದಾರಿ. ಒಂದು ರಾತ್ರಿ ಸಾಕು.

ತೊಳೆದ ಮೇಲೆ ಒರೆಸಿ, ಸಣ್ಣ ಉರಿಯಲ್ಲಿ ಐದು ನಿಮಿಷ ಇಟ್ಟು ಪೂರ್ತಿ ಒಣಗಿಸಿ. ಹಿಡಿಯ ಬುಡ, ತಳದ ಅಕ್ಷರಗಳ ಸಂದು ಇಲ್ಲೆಲ್ಲ ನೀರು ಉಳಿದಿರುತ್ತದೆ.

4. ಪಳಗಿಸುವುದು

ಇಡೀ ಕೆಲಸದ ಜೀವಾಳ ಇದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಣ್ಣೆಯನ್ನು ತೆಳ್ಳಗೆ ಸವರಿ ಜೋರಾಗಿ ಕಾಯಿಸಿದಾಗ ಅದು ಒಣಗಿ, ಗಟ್ಟಿಯಾಗಿ, ಕಬ್ಬಿಣಕ್ಕೆ ಅಂಟಿದ ಕಪ್ಪು ಪದರವಾಗುತ್ತದೆ. ಆಮೇಲೆ ಅದು ಎಣ್ಣೆಯಾಗಿ ಉಳಿದಿರುವುದಿಲ್ಲ, ಒರೆಸಿದರೆ ಹೋಗುವುದಿಲ್ಲ. ಇಂಥ ಪದರಗಳನ್ನು ಒಂದರ ಮೇಲೊಂದು ಕೂರಿಸುವುದೇ ಪಳಗಿಸುವುದು. ಅಂಗಡಿಯವರು ಇದನ್ನೇ ಸೀಸನಿಂಗ್ ಅನ್ನುತ್ತಾರೆ.

ಎಣ್ಣೆ ಯಾವುದು? ನಮ್ಮ ಕಡೆ ಕೈ ಮೊದಲು ಹೋಗುವುದೇ ತೆಂಗಿನೆಣ್ಣೆ ಡಬ್ಬಿಗೆ. ಪಳಗಿಸುವುದಕ್ಕೆ ಅದು ಬೇಡ. ತೆಂಗಿನೆಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಶೇಕಡಾ 90ರ ಹತ್ತಿರ ಇರುತ್ತದೆ. ಇಂಥ ಎಣ್ಣೆ ಕಾಯಿಸಿದರೂ ಒಣಗಿ ಗಟ್ಟಿ ಪದರ ಕಟ್ಟುವುದಿಲ್ಲ, ಜಿಗುಟಾಗಿ ಉಳಿದುಬಿಡುತ್ತದೆ. ಸೂರ್ಯಕಾಂತಿ, ರೈಸ್ ಬ್ರಾನ್ ಚೆನ್ನಾಗಿ ಒಣಗುತ್ತವೆ. ಕಡಲೆಕಾಯಿ ಎಣ್ಣೆಯೂ ಆಗುತ್ತದೆ. ಹುಚ್ಚೆಳ್ಳೆಣ್ಣೆ ಸಿಕ್ಕಿದರೆ ಬಹಳ ಒಳ್ಳೆಯದು, ತಾನಾಗಿಯೇ ಒಣಗುವ ಗುಣ ಅದಕ್ಕಿದೆ. ಅಗಸೆ ಎಣ್ಣೆಯ ಪದರ ಗಾಜಿನ ಹಾಗೆ ಗಟ್ಟಿ, ಆದರೆ ಎಷ್ಟೋ ಸಲ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ನಾನು ಯಾರಿಗೂ ಹೇಳುವುದಿಲ್ಲ. ಪಳಗಿದ ಮೇಲೆ ದೋಸೆಗೆ, ಒಗ್ಗರಣೆಗೆ ತೆಂಗಿನೆಣ್ಣೆ ಹಾಕಿಕೊಳ್ಳಿ, ಏನೂ ತೊಂದರೆ ಇಲ್ಲ.

ಈಗ ವಿಧಾನ. ಕಾವಲಿ ಕೈಗೆ ಬೆಚ್ಚಗೆ ಅನ್ನಿಸುವಷ್ಟು ಕಾಯಲಿ. 26 ಸೆಂಟಿಮೀಟರಿನದ್ದಕ್ಕೆ ಅರ್ಧ ಚಮಚ ಎಣ್ಣೆ ಸಾಕು. ಒಳಗೆ, ಹೊರಗೆ, ಹಿಡಿಗೆ ಎಲ್ಲ ಕಡೆ ಸವರಿ. ಆಮೇಲೆ ಒಣ ಬಟ್ಟೆ ತಗೊಂಡು, ಹಾಕಿದ ಎಣ್ಣೆಯನ್ನೆಲ್ಲ ವಾಪಸ್ ತೆಗೆಯಬೇಕು ಅನ್ನುವ ಹಾಗೆ ಒರೆಸಿ. ಬೆಳಕಿಗೆ ಹಿಡಿದರೆ ಕಾವಲಿ ಒಣಗಿದ ಹಾಗೆ ಕಾಣಬೇಕು. ಎಲ್ಲಾದರೂ ಒದ್ದೆ ಹೊಳಪು ಉಳಿದಿದ್ದರೆ ಮತ್ತೆ ಒರೆಸಿ. ‘ಇಷ್ಟು ಕಮ್ಮಿ ಎಣ್ಣೆ ಸಾಕಾ?’ ಅನ್ನಿಸುತ್ತದೆ. ಸಾಕು. ಪಳಗಿಸುವಾಗ ಕೆಡುವ ಕಾವಲಿಗಳಲ್ಲಿ ಹೆಚ್ಚಿನವು ಎಣ್ಣೆ ಜಾಸ್ತಿಯಾಗಿ ಕೆಟ್ಟವು.

ಓವನ್ ಇದ್ದವರು ಕಾವಲಿಯನ್ನು ಬೋರಲಾಗಿ ಇಟ್ಟು, 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ, ಒಳಗೇ ತಣಿಯಲು ಬಿಡಿ. ಗ್ಯಾಸ್ ಒಲೆಯವರು ಮೊದಲು ಸಣ್ಣ ಉರಿ, ಐದು ನಿಮಿಷದ ಮೇಲೆ ಮಧ್ಯಮ ಉರಿ ಇಡಿ. ಎರಡೆರಡು ನಿಮಿಷಕ್ಕೆ ಕಾವಲಿಯನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಎಲ್ಲ ಬದಿಗೂ ಉರಿ ತಾಗಿಸಿ. ತೆಳು ಕಾವಲಿಗೆ ಇದು ಮುಖ್ಯ. ಇಲ್ಲದಿದ್ದರೆ ನಡು ಸುಟ್ಟು, ಅಂಚು ಹಸಿಯಾಗಿ ಉಳಿಯುತ್ತದೆ. ಹೊಗೆ ಬರುತ್ತದೆ. ಆ ಹೊಗೆ ತಾನಾಗಿ ನಿಂತ ಮೇಲೆ ಆರಿಸಿ, ಪೂರ್ತಿ ತಣಿಯಲಿ. ಸೌದೆ ಒಲೆಯಾದರೆ ಉರಿ ಇಳಿದ ಮೇಲಿನ ಕೆಂಡವೇ ಒಳ್ಳೆಯದು. ಕಿಟಕಿ ಬಾಗಿಲು ತೆರೆದಿರಲಿ, ಹತ್ತಿರ ಮಕ್ಕಳು ಬೇಡ.

ಇದನ್ನೇ ಮೂರು ನಾಲ್ಕು ಸಲ ಮಾಡಿ. ಒಂದೇ ದಿನ ಮಾಡಬೇಕು ಅಂತೇನಿಲ್ಲ. ಬಣ್ಣ ಮೊದಲು ಕಂದು, ಆಮೇಲೆ ಕಡುಕಂದು, ಕೊನೆಗೆ ಕಪ್ಪು. ಮೊದಲ ಸಲಕ್ಕೇ ಕಪ್ಪಾಗಲಿಲ್ಲ ಅಂತ ಎಣ್ಣೆ ಸುರಿಯಬೇಡಿ.

5. ಕಾಯಿಸುವ ಕ್ರಮ

ಬೀಡು ಶಾಖವನ್ನು ಬೇಗ ಹರಡುವ ಲೋಹವಲ್ಲ. ಅಲ್ಯೂಮಿನಿಯಂ ಇದಕ್ಕಿಂತ ಸುಮಾರು ನಾಲ್ಕು ಪಟ್ಟು ಚೆನ್ನಾಗಿ ಹರಡುತ್ತದೆ. ಬೀಡಿನ ಶಕ್ತಿ ಇರುವುದು ಶಾಖವನ್ನು ಹಿಡಿದಿಡುವುದರಲ್ಲಿ, ಆ ಶಕ್ತಿ ಬರುವುದು ತೂಕದಿಂದ. 1.3 ಕೆಜಿಯ ಕಾವಲಿಯಲ್ಲಿ ನಿಲ್ಲುವ ಶಾಖ 2.4 ಕೆಜಿಯದ್ದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹಗುರ ಕಾವಲಿ ಬೇಗ ಕಾಯುತ್ತದೆ, ಬೇಗ ಆರುತ್ತದೆ, ಉರಿ ತಾಗಿದ ಕಡೆ ಬೇಗ ಸುಡುತ್ತದೆ.

ಹಾಗಾಗಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕಾಯಿಸಿ, ಆಮೇಲೆ ಬೇಕಾದಷ್ಟು ಏರಿಸಿ. ನೀರು ಚಿಮುಕಿಸಿ ನೋಡಿ. ಹನಿ ಸುಮ್ನೆ ಕೂತು ಮೆಲ್ಲಗೆ ಆರಿದರೆ ಕಾದಿಲ್ಲ. ಚುಂಯ್ ಎಂದು ಕೂಡಲೇ ಮಾಯವಾದರೆ ದೋಸೆಗೆ ಹದ. ಹನಿ ಗುಂಡಗಾಗಿ ಅತ್ತಿತ್ತ ಓಡಾಡಿದರೆ ಮೈ 200 ಡಿಗ್ರಿಯ ಹತ್ತಿರ ಹೋಗಿದೆ, ಉರಿ ತಗ್ಗಿಸಿ.

ಗೋಬರ್ ಗ್ಯಾಸಿನ ಉರಿ ಮೆತ್ತಗಿರುತ್ತದೆ, ಹಗುರ ಕಾವಲಿಗೆ ಅದು ಬಹಳ ಹೊಂದುತ್ತದೆ. ಸೌದೆ ಒಲೆಯ ಉರಿ ತಳವನ್ನೆಲ್ಲ ಆವರಿಸುವುದರಿಂದ ಅಂಚೂ ಒಂದೇ ಸಮ ಕಾಯುತ್ತದೆ. ಇಂಡಕ್ಷನ್‌ನಲ್ಲಿ ಎಚ್ಚರ ಬೇಕು. ಒಮ್ಮೆಲೇ ಪೂರ್ತಿ ಪವರ್ ಕೊಟ್ಟರೆ ನಡು ಮಾತ್ರ ಕಾದು, ಅಂಚು ತಣ್ಣಗೇ ಇದ್ದು, ತೆಳು ಬೀಡು ಸೀಳಬಹುದು. ಕೆಳಗಿನ ಪವರ್‌ನಲ್ಲೇ ಶುರು ಮಾಡಿ. ಯಾವ ಒಲೆಯಾದರೂ ಖಾಲಿ ಕಾವಲಿಯನ್ನು ಉರಿಯ ಮೇಲೆ ಮರೆತು ಹೋಗಬೇಡಿ. ಹಿಡಿ ಕೂಡ ಬಿಸಿಯಾಗುತ್ತದೆ, ಒಣ ಬಟ್ಟೆ ಕೈಯಲ್ಲೇ ಇರಲಿ. ಒದ್ದೆ ಬಟ್ಟೆಯಲ್ಲಿ ಹಿಡಿದರೆ ಆವಿಯಿಂದ ಕೈ ಸುಡುತ್ತದೆ.

6. ಅಡುಗೆ

ಮೊದಲ ದಿನವೇ ನೀರುದೋಸೆಗೆ ಕೈ ಹಾಕಬೇಡಿ. ಎರಡು ಮೂರು ವಾರ ಎಣ್ಣೆ ಹಿಡಿಯುವ ಅಡುಗೆ ಮಾಡಿ. ಈರುಳ್ಳಿ ಹುರಿಯುವುದು, ಜೀಗುಜ್ಜೆ ಪೋಡಿ, ಬೆಂದ ಪತ್ರೊಡೆಯನ್ನು ಬಿಲ್ಲೆ ಕತ್ತರಿಸಿ ಕಾಯಿಸುವುದು, ಅಕ್ಕಿ ತರಿ ಹಚ್ಚಿದ ಮೀನು, ಹೀಗೆ. ಪ್ರತಿ ಅಡುಗೆಯೂ ಪದರವನ್ನು ಗಟ್ಟಿ ಮಾಡುತ್ತಾ ಹೋಗುತ್ತದೆ. ಮೀನನ್ನಾಗಲಿ ಪೋಡಿಯನ್ನಾಗಲಿ ಅವಸರದಲ್ಲಿ ಮಗುಚಬೇಡಿ. ಅಡಿ ಗರಿಯಾದ ಮೇಲೆ ಅದು ತಾನಾಗಿ ಬಿಟ್ಟುಕೊಳ್ಳುತ್ತದೆ. ಅಂಟಿದೆ ಅನ್ನಿಸಿದರೆ ಇನ್ನೊಂದು ನಿಮಿಷ ಕಾಯಿರಿ.

ನೀರುದೋಸೆ. ಹಿಟ್ಟು ಮಜ್ಜಿಗೆಯಷ್ಟು ತೆಳು, ಅದರಲ್ಲಿ ಹೆಚ್ಚಿನದು ನೀರೇ. ಆ ನೀರು ಆವಿಯಾಗುವಾಗ ಕಾವಲಿಯ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಭಾರದ ಕಾವಲಿ ತಡೆದುಕೊಳ್ಳುತ್ತದೆ, ಹಗುರದ್ದು ತಣ್ಣಗಾಗುತ್ತದೆ. ಮೊದಲ ದೋಸೆ ಚೆನ್ನಾಗಿ ಬಂದು ಎರಡನೆಯದು ಅಂಟುವುದು ಇದಕ್ಕೇ. ದೋಸೆ ತೆಗೆದ ಕೂಡಲೇ ಇನ್ನೊಂದು ಹೊಯ್ಯಬೇಡಿ. ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ, ಎಣ್ಣೆಗೆ ಅದ್ದಿ ಸವರಿ, ಅರ್ಧ ನಿಮಿಷ ಬಿಡಿ. ಅಷ್ಟರಲ್ಲಿ ಹಿಟ್ಟನ್ನು ತಳದಿಂದ ಕದಡಿಕೊಳ್ಳಿ, ಅಕ್ಕಿ ಅಡಿಗೆ ಕೂತಿರುತ್ತದೆ. ಮತ್ತೆ ಹನಿ ಪರೀಕ್ಷೆ ಮಾಡಿ, ಸುತ್ತಿನಿಂದ ನಡುವಿಗೆ ಹೊಯ್ಯಿರಿ. ಗೋಡೆಗೆ ಹಿಟ್ಟು ತಾಗದಿರಲಿ, ತಾಗಿದರೆ ಅದು ಅಲ್ಲೇ ಒಣಗಿ ದೋಸೆಯ ಅಂಚನ್ನು ಹಿಡಿದುಕೊಳ್ಳುತ್ತದೆ. ಚುಂಯ್ ಎಂದು ತೂತು ಬಿದ್ದ ಕೂಡಲೇ ಮುಚ್ಚಳ ಮುಚ್ಚಿ. ಅಂಚು ತಾನಾಗಿ ಮೇಲೆದ್ದಾಗ ಸಟ್ಟುಗ ಹಾಕಿ ಮಡಚಿ ತೆಗೆಯಿರಿ.

ಅಕ್ಕಿ ರೊಟ್ಟಿ. ಕಾವಲಿಯ ಮೇಲೇ ರೊಟ್ಟಿ ತಟ್ಟುವವರು ಎರಡನೆಯ ರೊಟ್ಟಿಗೆ ಕಾವಲಿ ತಣಿಯಲಿ ಅಂತ ಬೋರಲು ಹಾಕಿ ಬೆನ್ನಿಗೆ ನೀರು ಸುರಿಯುತ್ತಾರೆ. ಕಬ್ಬಿಣದ ತಗಡಿಗೆ, ಅಲ್ಯೂಮಿನಿಯಂಗೆ ಇದು ನಡೆಯುತ್ತದೆ. ಬೀಡಿಗೆ ಮಾತ್ರ ಖಂಡಿತ ಬೇಡ. ಬಿಸಿ ಬೀಡಿಗೆ ತಣ್ಣೀರು ಬಿದ್ದರೆ ಒಂದು ಕಡೆ ಥಟ್ಟನೆ ಕುಗ್ಗಿ ಸೀಳು ಬಿಡುತ್ತದೆ. ಬಾಳೆ ಎಲೆಯ ಮೇಲೆ ತಟ್ಟಿ, ಎಲೆ ಮೇಲೆ ಬರುವ ಹಾಗೆ ಕಾವಲಿಗೆ ಹಾಕಿ, ಅರ್ಧ ನಿಮಿಷ ಬಿಟ್ಟು ಎಲೆ ಸುಲಿಯಿರಿ. ಇಲ್ಲವೇ ಎರಡು ಕಾವಲಿ ಇಟ್ಟುಕೊಳ್ಳಿ. ಉಕ್ಕರಿಸಿದ ಹಿಟ್ಟಿನ ರೊಟ್ಟಿಯನ್ನು ಎಣ್ಣೆ ಇಲ್ಲದೆ ಬೇಯಿಸುವವರು, ಎಲ್ಲ ಮುಗಿದ ಮೇಲೆ ಒಮ್ಮೆ ಎಣ್ಣೆ ಬಟ್ಟೆ ಆಡಿಸಿ. ಒಣ ಶಾಖ ಪದರವನ್ನು ಸುಡುತ್ತಾ ಬರುತ್ತದೆ.

ಹುಳಿ ಪದಾರ್ಥ. ಹುಣಸೆ, ಮುರುಗಲು, ಅಮಟೆ, ವಾಟೆಹುಳಿ, ಟೊಮೆಟೊ ಯಾವುದನ್ನೂ ಇದರಲ್ಲಿ ಕುದಿಸಬೇಡಿ. ಹುಳಿ ಪದರವನ್ನು ಕರಗಿಸುತ್ತದೆ, ಸಾರಿಗೆ ಕಬ್ಬಿಣದ ರುಚಿ ಬರುತ್ತದೆ. ಮೀನಿನ ಮಸಾಲೆಯಲ್ಲಿ ಇರುವಷ್ಟು ಹುಳಿ, ಹತ್ತು ನಿಮಿಷದ ಹುರಿತಕ್ಕೆ, ಪಳಗಿದ ಕಾವಲಿಯಲ್ಲಿ ಪರವಾಗಿಲ್ಲ. ಬಾಳೆಕಾಯಿ, ಬಾಳೆದಿಂಡು, ನೆಲ್ಲಿಕಾಯಿಯಂಥ ಒಗರಿನವು ಕಬ್ಬಿಣಕ್ಕೆ ತಾಗಿ ಕಪ್ಪಾಗುತ್ತವೆ. ಅದು ವಿಷವೇನಲ್ಲ, ನೋಡಲು ಚೆನ್ನಾಗಿರುವುದಿಲ್ಲ ಅಷ್ಟೇ. ಮಾಡಿದ ಅಡುಗೆಯನ್ನು ಕಾವಲಿಯಲ್ಲೇ ಬಿಡದೆ ಬೇರೆ ಪಾತ್ರೆಗೆ ತೆಗೆಯಿರಿ.

ಕಬ್ಬಿಣದ ಪಾತ್ರೆಯಿಂದ ಸ್ವಲ್ಪ ಕಬ್ಬಿಣದ ಅಂಶ ಊಟಕ್ಕೆ ಸೇರುತ್ತದೆ, ಹುಳಿ ಇದ್ದರೆ ಜಾಸ್ತಿ ಸೇರುತ್ತದೆ. ಬಹಳ ಜನರಿಗೆ ಇದು ಒಳ್ಳೆಯದೇ. ಥಲಸ್ಸೀಮಿಯಾ ಇರುವವರು, ಮೈಯಲ್ಲಿ ಕಬ್ಬಿಣದ ಅಂಶ ಹೆಚ್ಚಾಗಿ ತುಂಬಿಕೊಳ್ಳುವ ಕಾಯಿಲೆ ಇರುವವರು ವೈದ್ಯರನ್ನು ಕೇಳಿ ಬಳಸಿ.

7. ತೊಳೆಯುವುದು, ಮಳೆಗಾಲದಲ್ಲಿ ಇಡುವುದು

ಕಾವಲಿ ಉಗುರು ಬೆಚ್ಚಗಾದ ಮೇಲೆ ಬೆಚ್ಚಗಿನ ನೀರು, ತೆಂಗಿನ ನಾರು ಸಾಕು. ಅಂಟಿದ್ದು ಬಿಡದಿದ್ದರೆ ಕಲ್ಲುಪ್ಪು ಹಾಕಿ ಉಜ್ಜಿ. ಇಲ್ಲವೇ ಗೆರಟೆ ಚೂರಿನಿಂದ ಕೆರೆಯಿರಿ. ಪಾತ್ರೆ ಸೋಪಿನ ಒಂದು ಹನಿ ಹಾಕಿದರೆ ಪಳಗಿದ ಪದರ ಹೋಗುವುದಿಲ್ಲ, ಹೆದರಬೇಡಿ. ಒಲೆಬೂದಿ ಮಾತ್ರ ಬೇಡ. ಅದು ಕ್ಷಾರವೂ ಹೌದು, ತರಿಯೂ ಹೌದು, ಪದರವನ್ನೇ ಉಜ್ಜಿ ತೆಗೆಯುತ್ತದೆ. ಸಿಂಕಿನಲ್ಲಿ ರಾತ್ರಿಯಿಡೀ ನೆನೆಸುವುದೂ ಬೇಡ. ಒಲೆಯಿಂದ ಇಳಿಸಿದ ಕಾವಲಿಯನ್ನು ಒದ್ದೆ ಕಲ್ಲಿನ ಕಟ್ಟೆಯ ಮೇಲೆ ಇಡದೆ, ಮಣೆಯ ಮೇಲೋ ದಪ್ಪ ಹಲಗೆಯ ಮೇಲೋ ಇಡಿ.

ತೊಳೆದ ಮೇಲೆ ಒರೆಸಿ, ಎರಡು ನಿಮಿಷ ಒಲೆಯ ಮೇಲೆ ಒಣಗಿಸಿ, ಎಣ್ಣೆ ಬಟ್ಟೆ ಆಡಿಸಿ. ಬೇರೆ ಊರಿನವರು ಒಂದು ದಿನ ಮರೆತರೆ ನಡೆದೀತು. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆ, ಹುಲಿಕಲ್ ಕಡೆ ನಡೆಯುವುದಿಲ್ಲ. ಆಷಾಢದಲ್ಲಿ ರಾತ್ರಿ ಬಿಟ್ಟ ಒದ್ದೆ ಕಾವಲಿ ಬೆಳಗ್ಗೆ ಕೆಂಪಗಿರುತ್ತದೆ. ಸಿಂಕಿನ ಕೆಳಗಿನ ಮುಚ್ಚಿದ ಕಪಾಟು ಬೇಡವೇ ಬೇಡ. ಒಲೆಯ ಹತ್ತಿರ ಮೊಳೆಗೆ ತೂಗುಹಾಕಿ, ಇಲ್ಲವೇ ಒಲೆ ಮೇಲಿನ ಅಟ್ಟದಲ್ಲಿಡಿ. ಮುಚ್ಚಳ ಮುಚ್ಚಿ ಇಡಬೇಡಿ, ಒಳಗೆ ತೇವ ನಿಲ್ಲುತ್ತದೆ. ಮಕ್ಕಳ ಮನೆಗೆ ಅಂತ ತಿಂಗಳುಗಟ್ಟಲೆ ಬೆಂಗಳೂರಿಗೆ ಹೋಗುವವರು ಬಹಳ ತೆಳ್ಳಗೆ ಎಣ್ಣೆ ಸವರಿ, ಹಳೇ ಪೇಪರಿನಲ್ಲಿ ಸುತ್ತಿಟ್ಟು ಹೋಗಿ. ದಪ್ಪ ಸವರಿದರೆ ವಾಪಸ್ ಬರುವಷ್ಟರಲ್ಲಿ ಕಮಟು ಹಿಡಿದಿರುತ್ತದೆ.

ಕೆಟ್ಟರೆ ಏನು ಮಾಡುವುದು?

ತುಕ್ಕು ಬಂದರೆ ಗಾಬರಿ ಬೇಡ. ಸ್ಟೀಲ್ ನಾರಿನಿಂದ ಉಜ್ಜಿ, ತೊಳೆದು, ಒಣಗಿಸಿ, ಒಂದೆರಡು ಸಲ ಪಳಗಿಸಿ. ತುಕ್ಕು ದಪ್ಪಗಿದ್ದರೆ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಸೇರಿಸಿ ಅರ್ಧ ಗಂಟೆ ಮಾತ್ರ ನೆನೆಸಿ, ಆಮೇಲೆ ಉಜ್ಜಿ.

ಮೈ ಜಿಗುಟಾಗಿದ್ದರೆ ಎಣ್ಣೆ ಜಾಸ್ತಿಯಾಗಿದೆ. ಎಣ್ಣೆ ಹಾಕದೆ ಬರೀ ಕಾವಲಿಯನ್ನು ಹೊಗೆ ನಿಲ್ಲುವವರೆಗೆ ಮತ್ತೊಮ್ಮೆ ಕಾಯಿಸಿ. ಚಕ್ಕೆ ಏಳುತ್ತಿದ್ದರೆ ಸಡಿಲವಾದದ್ದನ್ನೆಲ್ಲ ಕೆರೆದು ತೆಗೆದು, ಆ ಭಾಗಕ್ಕೆ ತೆಳ್ಳಗೆ ಸವರಿ ಮತ್ತೆ ಪಳಗಿಸಿ. ಒರೆಸಿದಾಗ ಬಟ್ಟೆಗೆ ಸ್ವಲ್ಪ ಕಪ್ಪು ಹತ್ತುವುದು ಸಹಜ, ಬಳಸುತ್ತಾ ಕಡಿಮೆಯಾಗುತ್ತದೆ.

ಸೀಳು ಬಿಟ್ಟರೆ ಮಾತ್ರ ರಿಪೇರಿ ಇಲ್ಲ. ಅನುಮಾನ ಬಂದರೆ ಒಳಗೆ ಎಣ್ಣೆ ಸವರಿ, ಪೇಪರಿನ ಮೇಲೆ ಒಂದು ರಾತ್ರಿ ಇಡಿ. ಬೆಳಗ್ಗೆ ಪೇಪರಿನಲ್ಲಿ ಗೆರೆಯಾಗಿ ಎಣ್ಣೆ ಇಳಿದಿದ್ದರೆ ಸೀಳು ಆರುಪಾರು ಹೋಗಿದೆ ಅಂತ ಅರ್ಥ. ಬೆಸುಗೆ ಹಾಕಿಸುತ್ತೇವೆ ಅಂತ ಹೊರಡಬೇಡಿ, ಒಲೆಯ ಮೇಲೆ ಅದು ಮತ್ತೆ ಬಿಡುತ್ತದೆ. ಬಿಸಿ ಎಣ್ಣೆ ಇರುವಾಗ ಎರಡು ಹೋಳಾದರೆ ಕಾಲ ಮೇಲೇ ಬೀಳುತ್ತದೆ. ಅಂಥದ್ದನ್ನು ಗುಜರಿಗೆ ಹಾಕಿ, ಹೊಸದು ತನ್ನಿ.